ಗಜಕೋಲಿನವನ ‘ಈರ್’

ಬೆಳಿಗ್ಗೆ ಪುತ್ತೂರಿನ ಕಾಲೇಜಿನಲ್ಲಿ ಪಾಠ ಕೇಳಿ, ಮಧ್ಯಾಹ್ನದಿಂದ ಆ ಹುಡುಗ ನಾನು ಕೆಲಸಕ್ಕಿದ್ದ ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದ. ಗಿರಾಕಿ ಇಲ್ಲದಾಗ ಸೀರೆ ಮಡಚುತ್ತಲೇ ಪಾಠ ಗುನುಗುತ್ತಿದ್ದ. ತುಳುವಿನಲ್ಲಿ ‘ಈ’ ಎಂದರೆ ನೀನು, ‘ಈರ್’ ಎಂದರೆ ನೀವು. ನಮ್ಮ ಧಣಿಗಳು ನಮ್ಮಿಬ್ಬರನ್ನೂ ‘ಈ’ ಎನ್ನುವವರು. ಅವನ ಬಾಯಲ್ಲಿ ಮಾತ್ರ ಎಲ್ಲರಿಗೂ ‘ಈರ್’. ಏಕೆಂದು ಕೇಳಿದರೆ, “ಬಾಯಿಗೆ ಎಂತ ಖರ್ಚುಂಟು ಮಾರಾಯ?” ಎನ್ನುತ್ತಿದ್ದ.

ಒಮ್ಮೆ ಈಶ್ವರಮಂಗಲ ಕಡೆಯ ಜಮೀನುದಾರರೊಬ್ಬರು ಆಳಿನೊಂದಿಗೆ ಬಂದರು. ಮೆಟ್ಟಿಲ ಬಳಿಯೇ ನಿಂತ ಆಳಿಗೂ ಇವನು, “ಈರ್ ಕುಳ್ಳುಲೆ” ಎಂದು ಬೆಂಚು ತೋರಿಸಿದ.

“ಎಂತ, ಅವನಿಗೂ ಈರಾ?” ಜಮೀನುದಾರರು ಸಿಡುಕಿದರು. “ನಾನು ಬೇರೆ ಅಂಗಡಿಗೆ ಹೋಗ್ತೇನೆ.”

ಧಣಿಗಳು ಗಾಬರಿಯಿಂದ ಎದ್ದರು. ಇವನು ಗಜಕೋಲು ಕೆಳಗಿಡಲೇ ಇಲ್ಲ. “ಅಳೆಯುದು ಇಬ್ಬರಿಗೂ ಒಂದೇ ಕೋಲಿನಲ್ಲಿ ಅಲ್ವಾ? ಮಾತಿಗೂ ಅದೇ ಸಾಕು. ನಿಮಗೆ ಯಾವ ಬಣ್ಣ ತೋರಿಸಲಿ?”

ಜಮೀನುದಾರರು “ಬಿಳಿ” ಎಂದರು. ಆಳು ಬೆಂಚಿನ ತುದಿಯಲ್ಲಿ ಕುಳಿತ.

ಸಂಜೆ ಧಣಿಗಳು ಅವನನ್ನು ಕರೆದಾಗ ಕೆಲಸ ಹೋಯಿತೆಂದೇ ಎಣಿಸಿದೆ. ಅವರು ಗಂಟಲು ಸರಿಮಾಡಿಕೊಂಡು, “ನಾಳೆ ಪರೀಕ್ಷೆ ಉಂಟಲ್ಲ? ಈರ್ ಬೇಗ ಹೊರಡಿ” ಎಂದರು.

ಮರುದಿನವೂ ಧಣಿಗಳಿಗೆ ನಾನು ‘ಈ’ಯೇ.