ಎಲುಬು ಕಾದವನು

ಕೊಟ್ಟ ಮಾತನ್ನು ಹಿಂದೆಗೆದವನಲ್ಲ. ಕೆಂಡದ ಮುಂದೆ ಕುಳಿತೇ ಬಾಳು ಸವೆಸಿದರೂ ಸಿಡಿದವನಲ್ಲ. ತಾಳ್ಮೆಯಲ್ಲಿ ಹೊರೆಗತ್ತೆಯನ್ನು ಮೀರಿಸಿದವನು, ಮಿತವಾಕ್ಕಿನಲ್ಲಿ ಮುಚ್ಚಿಟ್ಟ ಬಾವಿಯಂಥವನು. ಪರರ ಪಾಲಿನ ಮಾಂಸದಲ್ಲಿ ಬೆರಳ ತುದಿಯಷ್ಟನ್ನೂ ಬಯಸದವನು, ವಿಧವೆಯ ಪಾಲನ್ನು ಎಲ್ಲಕ್ಕೂ ಮೊದಲು ಕೊಯ್ದಿಡುವವನು. ಪ್ರಾರ್ಥನೆಯ ಹೊತ್ತನ್ನು ತಪ್ಪಿಸದವನು, ತಪ್ಪಿಸಿದವರನ್ನು ಹಂಗಿಸದವನು. ಇಷ್ಟು ಗುಣಗಳನ್ನು ಹೊತ್ತ ಆ ಬೆನ್ನಿನ ಮೇಲೆ ಬಾಸುಂಡೆಗಳೂ ಇದ್ದವು. ಯೆರೂಸಲೇಮಿನ ಕೆಳಪೇಟೆಯಲ್ಲಿ ಪಸ್ಕಹಬ್ಬದ ಕುರಿಮರಿಗಳನ್ನು ಸುಟ್ಟುಕೊಡುತ್ತಿದ್ದ ಹನಮೇಲನ ಬಾಳನ್ನು ಹೇಳುವುದಾದರೆ ಆ ಬಾಸುಂಡೆಗಳಿಂದಲೇ ತೊಡಗಬೇಕು.

ಅವನಿಗಾಗ ಹತ್ತೊಂಬತ್ತು. ಬರದ ವರ್ಷ. ಪಸ್ಕದ ಪಂಕ್ತಿಯಲ್ಲಿ ಹಸಿವು ತಾಳದೆ, ತನ್ನ ಪಾಲಿಗೆ ಬಂದ ಕಾಲೆಲುಬನ್ನು ಕಲ್ಲಿಗೆ ಕುಟ್ಟಿ ಒಳಗಿನ ನೆಣವನ್ನು ಹೀರಿಬಿಟ್ಟ. ಐಗುಪ್ತದಲ್ಲಿ ಮರಿಯ ರಕ್ತ ಬಳಿದ ಬಾಗಿಲುಗಳನ್ನು ಸಾವು ದಾಟಿಹೋಗಿ ನಮ್ಮ ಹಿರಿಯರು ದಾಸ್ಯದಿಂದ ಹೊರಟ ದಿನದಿಂದಲೂ ಪಸ್ಕದ ಮರಿಯನ್ನು ಇಡಿಯಾಗಿ ಸುಡಬೇಕು, ಅದರ ಒಂದೆಲುಬೂ ಮುರಿಯಕೂಡದು ಎಂಬುದು ವಿಧಿ. ಮುರಿದವನಿಗೆ ನಲವತ್ತಕ್ಕೊಂದು ಕಡಿಮೆ ಏಟು. ಕಂಬಕ್ಕೆ ಕೈಕಟ್ಟಿ, ಕರುವಿನ ತೊಗಲಿನ ಬಾರಿನಿಂದ ಮೂರರಲ್ಲೊಂದು ಪಾಲನ್ನು ಎದೆಗೂ ಮಿಕ್ಕದ್ದನ್ನು ಬೆನ್ನಿಗೂ ಬಾರಿಸಿದರು. ಇಪ್ಪತ್ತನೆಯ ಏಟಿಗೆ ತೊಗಲು ಬಿರಿಯಿತು. ಮೂವತ್ತನೆಯದಕ್ಕೆ ಅವನು ಕಂಬಕ್ಕೇ ಜೋತುಬಿದ್ದ.

ಅಂದಿನಿಂದ ಅವನ ಕೈಗಳು ಬೇರೆಯಾದವು. ದಾಳಿಂಬೆ ಕೊಂಬೆಯ ಕೋಲನ್ನು ಮರಿಯ ಬಾಯಿಂದ ಬಾಲದವರೆಗೆ ಪೋಣಿಸಿದರೆ ಒಂದು ಪಕ್ಕೆಲುಬಿಗೂ ತಾಕುತ್ತಿರಲಿಲ್ಲ. ಪೇಟೆಯವರು ಅವನನ್ನು ಎಲುಬುಗಾವಲಿನವನೆಂದೇ ಕರೆದರು.

"ಏನ್ ಹನಮೇಲಣ್ಣಾ, ಮೂಳೆಯೆಲ್ಲ ಎಣಿಸಿ ಆಯ್ತಾ?" ಎಂದು ಗಾಣದವನು ಕೆಣಕಿದರೆ, "ಎಣಿಸಿದೀನಪ್ಪಾ. ನಿನ್ನವು ಮಾತ್ರ ಕೈಗೆ ಸಿಗ್ತಿಲ್ಲ, ಕೊಬ್ಬು ಜಾಸ್ತಿ," ಎನ್ನುತ್ತಿದ್ದ.

ಅವನಿಗೆ ಹುಲ್ದ ಎಂಬ ಹೆಂಡತಿ, ಎಲ್ನಾತಾನನೆಂಬ ಒಬ್ಬನೇ ಮಗ. ತಂದೆ ಕೋಲು ಚೂಪುಮಾಡುವುದನ್ನು ಕಲಿಸಿದ. ಮಗ ಆ ಕೈಚಳಕದಿಂದ, ನಾಡನ್ನು ಆಳುತ್ತಿದ್ದ ರೋಮಿನವರ ಮೇಲೆತ್ತಲು ಚೂರಿಗಳನ್ನು ಮಸೆದ.

"ನಮ್ಮನ್ನ ಬಿಡಿಸೋ ಮೆಸ್ಸೀಯ ಬರೋದು ಕುದುರೆ ಮೇಲೆ ಕಣಪ್ಪಾ. ಕತ್ತಿ ಹಿಡ್ಕೊಂಡು, ರೋಮಿನೋರ ಹಲ್ಲು ಉದುರಿಸ್ಕೊಂಡು ಬರ್ತಾನೆ."

"ಕಾಯೋದಷ್ಟೇ ನಮ್ಮ ಕೆಲಸ ಮಗನೇ. ಹೆಂಗೆ ಬರ್ಬೇಕು ಅನ್ನೋದು ಅವನಿಗೆ ಬಿಟ್ಟಿದ್ದು."

"ನೀನು ಕುರಿ ಮೂಳೆ ಕಾಯ್ಕೊಂಡೇ ಕೂತೆ. ನಮ್ಮ ಮೂಳೆ ಕಾಯೋರು ಯಾರು?"

ಮಗ ಬೆಟ್ಟದ ದಂಗೆಕೋರರನ್ನು ಸೇರಿದ. ಯೆರಿಕೋವಿನ ಇಳಿಜಾರಿನಲ್ಲಿ ರೋಮನ್ ದಂಡಿನ ಮೇಲೆ ಬಿದ್ದು ಒಬ್ಬ ಆಳಿನ ಕೊರಳನ್ನು ಕಿವಿಯಿಂದ ಕಿವಿಗೆ ಸೀಳಿದ. ಹಿಡಿದರು, ಹಲ್ಲು ಮುರಿದರು, ಉಗುರು ಕಿತ್ತರು. ಪಸ್ಕದ ಮರಿಗಳನ್ನು ಕೊಯ್ಯುವ ದಿನವೇ ಊರಹೊರಗಿನ ಕಪಾಲದಿಣ್ಣೆಯಲ್ಲಿ ಅವನನ್ನೂ ಅವನ ಜೊತೆಗಾರನನ್ನೂ ಮರದ ಕಂಬಗಳಿಗೆ ಜಡಿದರು. ಇಬ್ಬರ ನಡುವೆ ನಜರೇತಿನ ಬೋಧಕನೊಬ್ಬನನ್ನು ಜಡಿದಿದ್ದರು. ಜನರಲ್ಲಿ ಕೆಲವರು ಅವನನ್ನೇ ಮೆಸ್ಸೀಯನೆಂದು ನಂಬಿದ್ದರು.

ಸುದ್ದಿ ಬಂದಾಗ ಹನಮೇಲ ಒಲೆಗೆ ಸೌದೆ ಜೋಡಿಸುತ್ತಿದ್ದ. ಎದ್ದು ನಿಂತ.

"ಹೆಣ ಮುಟ್ಟಿದ್ರೆ ಮೈಲಿಗೆ. ಈ ಸಲ ಪಸ್ಕ ಉಣ್ಣಕ್ಕಾಗಲ್ಲ," ಎಂದು ನೆರೆಯವನು ಎಚ್ಚರಿಸಿದ.

"ತಪ್ಪಿದೋರಿಗೆ ಮುಂದಿನ ತಿಂಗಳ ಹದಿನಾಲ್ಕಕ್ಕೆ ಇನ್ನೊಂದು ಪಸ್ಕ ಇದೆ. ನನಗೆ ಇನ್ನೊಬ್ಬ ಮಗ ಇಲ್ಲ," ಎಂದು ಹುಲ್ದಳೊಡನೆ ದಿಣ್ಣೆಗೆ ನಡೆದ.

ಅವನಿಗೆ ಬೇಕಾಗಿದ್ದದ್ದು ಒಂದೇ: ಹೊತ್ತು ಮುಳುಗಿ, ಕೆಲಸವೆಲ್ಲ ನಿಲ್ಲಿಸಬೇಕಾದ ಸಬ್ಬತ್ ದಿನ ತೊಡಗುವ ಮುನ್ನ ಮಗನಿಗೆ ಮಣ್ಣು. ಮರಕ್ಕೆ ತೂಗಿದವನನ್ನು ಅಂದೇ ಹೂಳಬೇಕೆಂದು ನಮ್ಮ ಧರ್ಮ. ಕಾಗೆಗಳಿಗೆ ಬಿಡುವುದು ರೋಮಿನವರ ಪದ್ಧತಿ. ಆದರೆ ಮಗ ಇನ್ನೂ ಬದುಕಿದ್ದ. ಮೊಳೆ ಹೊಡೆದ ಕಾಲುಗಳನ್ನೇ ಊರಿ ಮೈಯನ್ನು ಮೇಲಕ್ಕೆತ್ತಿ ಒಂದು ಉಸಿರು, ಕುಸಿದು ಒಂದು ನರಳು. ಎತ್ತಿದಾಗಲೆಲ್ಲ ಮರ ರಕ್ತದಿಂದ ತೊಯ್ಯುತ್ತಿತ್ತು. ಆ ಉಸಿರಿನಲ್ಲೇ ನಡುವಿನವನ ಕಡೆ ತಿರುಗಿ ಕೂಗಿದ:

"ನೀನು ಮೆಸ್ಸೀಯ ಅಲ್ವೇನೋ? ಇಳ್ಕೊಂಡು ಬಾ! ನಮ್ಮನ್ನೂ ಇಳಿಸು!"

ನೆರೆದವರು ಅದನ್ನು ಹಂಗಿಸುವ ಮಾತೆಂದರು. ಇಪ್ಪತ್ತಾರು ವರ್ಷ ಕುದುರೆಯ ಸವಾರನಿಗಾಗಿ ಕಾದವನ ಗಂಟಲು ಅದೆಂದು ತಂದೆಯೊಬ್ಬನಿಗೇ ಗೊತ್ತಿತ್ತು.

ಇಳಿಹೊತ್ತಿನಲ್ಲಿ ದೇವಾಲಯದ ಕಡೆಯಿಂದ ಕಹಳೆ ಕೇಳಿತು. ಮರಿಗಳ ಕೊರಳು ಕೊಯ್ಯುವ ಹೊತ್ತು. ಅಷ್ಟರಲ್ಲಿ ಅಪ್ಪಣೆ ಬಂತು: ಹಬ್ಬಕ್ಕೆ ಮುನ್ನ ಮೂವರ ಕಾಲನ್ನೂ ಮುರಿದು ಇಳಿಸತಕ್ಕದ್ದು. ಕಾಲು ಮುರಿದರೆ ಮೈಯೆತ್ತಲಾಗದು, ಉಸಿರು ತಾನೇ ನಿಲ್ಲುವುದು. ಒಬ್ಬ ದಂಡಾಳು ಕಬ್ಬಿಣದ ಕೊಡತಿ ಎತ್ತಿ ಮೊದಲನೆಯವನ ಮೊಣಕಾಲ ಕೆಳಗೆ ಬೀಸಿದ. ಹಸಿ ಕೊಂಬೆ ಸೀಳಿದಂಥ ಸದ್ದು. ಎರಡನೆಯ ಏಟಿಗೆ ಅವನ ಕೂಗು ಅರ್ಧಕ್ಕೇ ನಿಂತಿತು. ಎಲ್ನಾತಾನನ ಮುಂದೆ ಬಂದಾಗ ದಂಡಾಳು ಕೊಡತಿ ಇಳಿಸಿದ.

"ಇವನು ನನ್ನ ಜೊತೆಯೋನ ಕತ್ತು ಕೊಯ್ದವನು. ಇವನಿಗೆ ಅಷ್ಟು ಸುಲಭ ಇಲ್ಲ. ಸಾಯೋವರೆಗೂ ಇಲ್ಲೇ ತೂಗ್ಲಿ, ಕಾಗೆಗಾಗ್ಲಿ."

ಹನಮೇಲ ಅವನ ಕಾಲಿಗೆ ಬಿದ್ದ. "ಸ್ವಾಮೀ, ಹೊತ್ತು ಇಳೀತಿದೆ. ಮುರಿದುಬಿಡಿ."

"ನೀನ್ಯಾರೋ ಮುದುಕ?"

"ಇವನಪ್ಪ."

ದಂಡಾಳು ಗಹಗಹಿಸಿದ. "ಅಪ್ಪನೇ ಮುರೀರಿ ಅಂತಾನೆ, ಕೇಳ್ರೋ! ಅಷ್ಟು ಅವಸರ ಇದ್ರೆ ತಗೋ, ನೀನೇ ಹೊಡಿ." ಕೊಡತಿಯನ್ನು ಅವನ ಕೈಗೆ ತುರುಕಿದ.

ನಲವತ್ತು ವರ್ಷ ಒಂದು ಎಲುಬನ್ನೂ ನೋಯಿಸದ ಕೈಗಳು ಕೊಡತಿಯ ಹಿಡಿಯನ್ನು ಬಿಗಿದವು. ಮಗ ಕೆಳಗೆ ನೋಡಿದ.

"ಹೊಡಿ ಅಪ್ಪಾ."

"ಕಣ್ಣು ಮುಚ್ಕೋ ಕಂದಾ."

ಎಲುಬು ಎಲ್ಲಿ ತೆಳುವೆಂದು ಅವನಿಗಿಂತ ಬಲ್ಲವರಿರಲಿಲ್ಲ. ಎರಡೇ ಏಟು. ಎಲ್ನಾತಾನನ ಮೈ ಕೆಳಕ್ಕೆ ಜಗ್ಗಿತು, ಮುಖ ನೀಲಿಗಟ್ಟಿತು. ಹುಲ್ದ ತಲೆವಸ್ತ್ರವನ್ನು ಬಾಯಲ್ಲಿ ಕಚ್ಚಿ ನೆಲಕ್ಕುರುಳಿದಳು. ಹನಮೇಲ ಮಗನ ಪಾದ ಹಿಡಿದು ಉಸಿರು ಅಡಗುವವರೆಗೂ ನಿಂತ.

"ಭಲೆ! ಕೈ ಪಳಗಿದೆ. ನಡುವಿನವನದೂ ಮುಗಿಸಿಬಿಡು," ಎಂದ ದಂಡಾಳು.

ಹನಮೇಲ ತಲೆಯೆತ್ತಿದ. ನಜರೇತಿನವನ ತಲೆ ಎದೆಗೆ ಬಾಗಿತ್ತು. ಚಾಟಿಯಿಂದ ಉತ್ತ ಮೈಯಲ್ಲಿ ಪಕ್ಕೆಲುಬುಗಳು ಒಂದೊಂದಾಗಿ ಕಾಣುತ್ತಿದ್ದವು, ಒಂದೂ ಮುಕ್ಕಾಗಿರಲಿಲ್ಲ.

"ಇವನ ಜೀವ ಹೋಗಿದೆ."

"ಕಾಣ್ಸುತ್ತೆ. ಆದ್ರೂ ಅಪ್ಪಣೆ ಅಪ್ಪಣೆ. ಮುರಿ."

"ಇಲ್ಲ. ಇದು ನನ್ನ ಕೈಲಾಗಲ್ಲ."

ಕೊಡತಿ ನೆಲಕ್ಕೆ ಬಿತ್ತು. ದಂಡಾಳು ಈಟಿಯ ಹಿಡಿಯಿಂದ ಅವನ ದವಡೆಗೆ ಅಪ್ಪಳಿಸಿದ. ಎರಡು ಹಲ್ಲು ರಕ್ತದೊಡನೆ ಹೊರಬಿದ್ದವು. ಇನ್ನೊಬ್ಬ ದಂಡಾಳು, "ಸತ್ತೋನಿಗ್ಯಾಕೋ ಇಷ್ಟು ಪಂಚಾಯ್ತಿ?" ಎಂದು ಈಟಿಯನ್ನು ಆ ಶವದ ಪಕ್ಕೆಗೆ ತಿವಿದ. ರಕ್ತವೂ ನೀರೂ ಹರಿದವು, ಮೈ ಅಲುಗಲಿಲ್ಲ. "ನೋಡ್ದಾ? ಇಳಿಸಿ."

ಹೊತ್ತು ಮುಳುಗಲು ಕೊಂಚವೇ ಬಾಕಿಯಿತ್ತು. ಹನಮೇಲನೂ ಹುಲ್ದಳೂ ಮಗನಿಗೆ ಮಣ್ಣು ಕೊಟ್ಟರು.

ಮುಂದಿನ ತಿಂಗಳ ಹದಿನಾಲ್ಕರ ಸಂಜೆ, ಮೈಲಿಗೆಯಿಂದ ಹಬ್ಬ ತಪ್ಪಿಸಿಕೊಂಡ ನಾವು ಏಳೆಂಟು ಮಂದಿ ಅವನ ಮನೆಯಲ್ಲಿ ಸೇರಿದೆವು. ಕಪಾಲದಿಣ್ಣೆಯಲ್ಲಿದ್ದವರೇ ಹೆಚ್ಚು, ಬೋಧಕನು ಗೋರಿಯಿಂದ ಎದ್ದುಬಂದದ್ದನ್ನು ಕಂಡೆವೆನ್ನುವವರೂ ಇಬ್ಬರಿದ್ದರು. ಹನಮೇಲ ಮರಿಯನ್ನು ಕೋಲಿನಿಂದ ಇಳಿಸಿ, ವಾಡಿಕೆಯಂತೆ ಪಕ್ಕೆಲುಬುಗಳ ಮೇಲೆ ಬೆರಳಾಡಿಸಿದ. ಐದನೆಯದಕ್ಕೆ ಬೆರಳು ನಿಂತಿತು.

"ಬೋಧಕನ ಜೀವ ಹೋಗಿದ್ದೂ ಅದೇ ಹೊತ್ತು. ದೇವಾಲಯದಲ್ಲಿ ಮರಿ ಕೊಯ್ತಿದ್ರು," ಎಂದ ಮೆಲ್ಲಗೆ. "ಒಂದೆಲುಬೂ ಮುರೀಬಾರ್ದು ಅಂತ ಬಾಯಲ್ಲಿ ಹೇಳ್ಕೊಂಡೇ ಬಂದ್ವಲ್ಲೇ ಹುಲ್ದಾ... ಯಾರದ್ದು ಅಂತ ಗೊತ್ತಿರ್ಲಿಲ್ಲ."

ಹುಲ್ದ ಸಿಡಿದಳು. "ನನ್ನ ಮಗನದು ಮುರೀತಲ್ಲ! ನಿನ್ನ ಕೈಯಲ್ಲೇ ಮುರೀತು! ಕೊನೇವರೆಗೂ ಆ ಬೋಧಕನನ್ನ ಬೈದೇ ಸತ್ತ. ಅವನ ಗತಿ ಏನು ಹೇಳು."

ಯಾರೂ ಮಾಂಸಕ್ಕೆ ಕೈ ಚಾಚಲಿಲ್ಲ. ಹನಮೇಲ ಮರಿಯ ಮೇಲಿಂದ ಕೈ ತೆಗೆದು ನುಡಿದ:

"ಐಗುಪ್ತದಲ್ಲಿ ಮರಿ ಸತ್ತಿದ್ದು ಮನೆ ಒಳಗಿದ್ದೋರಿಗೋಸ್ಕರ. ಒಳಗಿದ್ದೋರು ಎಂಥೋರು ಅಂತ ಬಾಗಿಲಲ್ಲಿ ಯಾರೂ ಕೇಳ್ಲಿಲ್ಲ ಕಣೇ. ನಮ್ಮ ಮೂಳೆ ಕಾಯೋರು ಯಾರು ಅಂತ ಕೇಳಿದ್ನಲ್ಲ ನಮ್ಮ ಮಗ, ಕಾಯೋನು ಅವನ ಪಕ್ಕದಲ್ಲೇ ಇದ್ದ."

ಹುಲ್ದ ಅಳುತ್ತಲೇ ಮಗನ ಪಾಲನ್ನು ಕೊಯ್ದು ನೆರೆಯ ವಿಧವೆಗೆ ಕೊಟ್ಟಳು. ಅವನ ಒಂದೆಲುಬೂ ಮುರಿಯದೆಂಬ ಪ್ರವಾದಿಗಳ ನುಡಿ ತನ್ನ ಕೈಯಿಂದ ನೆರವೇರಿತೆಂದು ಹನಮೇಲ ಬದುಕಿರುವವರೆಗೂ ಹೇಳಿಕೊಳ್ಳಲಿಲ್ಲ; ಕೇಳಿದವರಿಗೆ ತನ್ನ ಎರಡು ಹಲ್ಲಿನ ಜಾಗ ತೋರಿಸಿ ನಗುತ್ತಿದ್ದ.

ಮುರಿಯದ ಎಲುಬಿನವನು ಹನಮೇಲನ ಕೊಡತಿ ಹಿಡಿದ ಕೈಗಳನ್ನು ಹಿಡಿಯಲಿ. ಹುಲ್ದಳ ಕಣ್ಣೀರನ್ನು ಒರಸಲಿ. ಎಲ್ನಾತಾನನ ಮುರಿದ ಕಾಲುಗಳನ್ನು ಕೂಡಿಸಿ, ಎಬ್ಬಿಸಿ, ತನ್ನ ಪಂಕ್ತಿಯಲ್ಲಿ ಕೂರಿಸಲಿ. ಆ ಮನೆಯ ಒಲೆ ಆರದಿರಲಿ.