ಹಗುರಪ್ಪ ಮಾಡಿದ ಭಾರದ ಹಿಡಿ

ಹಗುರಪ್ಪ ಎಂಬುದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಅವನು ಮಾಡಿದ ಕುರ್ಚಿಗಳಿಂದ ಬಂದ ಹೆಸರು. ನಲವತ್ತು ವರ್ಷದಿಂದ ಬಡಗಿ. ಅವನ ಕುರ್ಚಿಯನ್ನು ಒಂದೇ ಬೆರಳಲ್ಲಿ ಎತ್ತಬಹುದು, ಆದರೆ ಎಂಥ ದಢೂತಿ ಆಸಾಮಿ ಕೂತರೂ ಅದು ಕಿರ್ ಎನ್ನುವುದಿಲ್ಲ. ಗಿರಾಕಿ ಬಂದರೆ ಮೊದಲು ಕುರ್ಚಿಯನ್ನು ಕಿರುಬೆರಳಿಗೆ ನೇತುಹಾಕಿ ತೋರಿಸುವುದು, ಆಮೇಲೆ ತಾನೇ ಅದರ ಮೇಲೆ ಹತ್ತಿ ನಿಲ್ಲುವುದು ಅವನ ಪದ್ಧತಿ. "ಮರದಲ್ಲಿ ಬೇಡದ್ದು ಬಹಳ ಇರುತ್ತೆ. ಅದನ್ನ ತೆಗೆಯೋದೇ ಬಡಗಿ ಕೆಲಸ" ಎನ್ನುವ ಅವನ ಮಾತನ್ನು ಕೇಳದವರು ಆ ಬೀದಿಯಲ್ಲಿ ಉಳಿದಿರಲಿಲ್ಲ. ಎದುರಂಗಡಿಯ ಚಪ್ಪಲಿ ರಿಪೇರಿಯವನಂತೂ ಅವನು ಬಾಯಿ ತೆರೆಯುವ ಮೊದಲೇ ಅದನ್ನು ಪೂರ್ತಿ ಮಾಡುತ್ತಿದ್ದ.

ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಆ ಲೆಕ್ಕದಲ್ಲಿ ಅವನ ಸ್ವಂತ ಮನೆಯಲ್ಲಿದ್ದದ್ದು ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಮದುವೆಯಾದ ವರ್ಷ ಹೆಂಡತಿಗೆಂದು ಒಂದು ಕುರ್ಚಿ ಮಾಡಿದ್ದ. ಪಾಲಿಶ್ ಒಣಗುವಷ್ಟರಲ್ಲಿ ಗಿರಾಕಿಯೊಬ್ಬ ಬಂದು, ಅರ್ಜೆಂಟು ಎಂದು, ಒಂದೇ ಕೈಯಲ್ಲಿ ಅದನ್ನು ಎತ್ತಿಕೊಂಡು ಹೋದ. ಇನ್ನೊಂದು ಮಾಡುತ್ತೇನೆ ಎಂದ ಹಗುರಪ್ಪನಿಗೆ ಮೂವತ್ತೈದು ವರ್ಷ ಪುರುಸೊತ್ತಾಗಲಿಲ್ಲ. ಆಕೆಯೂ ಕೇಳಲಿಲ್ಲ. ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ನರ್ಸಾಗಿದ್ದವಳು, ನಿಂತೇ ದುಡಿದವಳು. ಕೂರುವ ಯೋಚನೆ ಬಂದದ್ದೇ ನಿವೃತ್ತಿಯಾದ ಮೇಲೆ.

ಆದರೆ ಕೂತದ್ದು ಎಲ್ಲಿ? ರೈಫಲ್ ಕ್ಲಬ್ಬಿನಲ್ಲಿ, ಬಂದೂಕಿನ ಹಿಂದೆ.

ಅದು ಮೇಜಿನ ಮೇಲಿನ ಆಟ. ಸಣ್ಣ ಗುಂಡಿನ ರೈಫಲನ್ನು ಮರಳುಚೀಲದ ಮೇಲೆ ಮಲಗಿಸಬೇಕು. ಹಿಂದೆ ಕೂತು, ಐವತ್ತು ಮೀಟರ್ ಆಚೆ ಕಾಗದದ ಮೇಲಿರುವ ಇಪ್ಪತ್ತೈದು ಪುಟ್ಟ ವೃತ್ತಗಳಿಗೆ ಒಂದೊಂದು ಗುಂಡು ಹೊಡೆಯಬೇಕು. ನಟ್ಟನಡುವೆ ಬಿದ್ದರೆ ಹತ್ತು ಅಂಕ. ಎಲ್ಲವೂ ಬಿದ್ದರೆ ಇನ್ನೂರೈವತ್ತು. ಓಡಬೇಕಿಲ್ಲ, ಹಾರಬೇಕಿಲ್ಲ, ಅಲುಗಾಡದೆ ಕೂತರೆ ಸಾಕು. ಜೀವಮಾನವೆಲ್ಲ ಬೇರೆಯವರಿಗೆ "ಅಲುಗಾಡಬೇಡಿ" ಎಂದು ಹೇಳಿದ್ದ ಹೆಂಗಸಿಗೆ ಹೇಳಿ ಮಾಡಿಸಿದ ಆಟ. ಕ್ಲಬ್ಬಿನವರೆಲ್ಲ ಅವಳನ್ನು ಸಿಸ್ಟರಮ್ಮ ಎಂದು ಕರೆದರು, ಒಂದೇ ವರ್ಷದಲ್ಲಿ ಅವಳ ಪಕ್ಕದ ಮೇಜಿಗೆ ಕೂರಲು ಹೆದರಿದರು.

ಆದರೂ ಇನ್ನೂರ ನಲವತ್ತನ್ನು ದಾಟಲು ಆಗಲಿಲ್ಲ. ತಪ್ಪು ಅವಳದಲ್ಲ, ರೈಫಲಿನ ಮರದ ಹಿಡಿಯದು. ಕ್ಲಬ್ಬಿನಲ್ಲಿ ಅದಕ್ಕೆ ಸ್ಟಾಕ್ ಎನ್ನುತ್ತಾರೆ. ಅದು ಹಗುರ, ತಳ ಬೇರೆ ಗುಂಡಗೆ. ಚೀಲದ ಮೇಲೆ ಆ ಕಡೆ ಈ ಕಡೆ ಹೊರಳುತ್ತಿತ್ತು, ಪ್ರತಿ ಗುಂಡಿಗೂ ಬೆಚ್ಚಿಬೀಳುತ್ತಿತ್ತು.

"ಸಿಸ್ಟರಮ್ಮ, ನಿಮ್ಮ ಕೈ ಬಂಗಾರ. ಸ್ಟಾಕ್ ಮಾತ್ರ ಪುಳ್ಳೆ ಕಟ್ಟಿಗೆ" ಎಂದರು ಕ್ಲಬ್ಬಿನ ಕಾರ್ಯದರ್ಶಿ. ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ಆಟದಲ್ಲಿ ಯಾವಾಗಲೂ ಮೊದಲಿಗರು, ಸಲಹೆಯಲ್ಲಿ ಅದಕ್ಕೂ ಮೊದಲಿಗರು. "ಭಾರದ್ದು ಹಾಕಿಸಿ. ನನ್ನ ಹತ್ರ ಫೈಬರಿಂದು ಒಂದು ಸುಮ್ಮನೆ ಬಿದ್ದಿದೆ, ತಗೊಂಡು ಹೋಗಿ."

ಇನ್ನೊಬ್ಬರು ಅಲ್ಯೂಮಿನಿಯಂ ಎಂದರು. ಮತ್ತೊಬ್ಬರು ಪದರ ಪದರವಾಗಿ ಅಂಟಿಸಿದ ಮರ ಎಂದರು. ಹಲ್ಲಿನ ಡಾಕ್ಟರು, ಇರುವುದಕ್ಕೇ ಒಂದು ಇಟ್ಟಿಗೆ ಕಟ್ಟಿ ಎಂದರು. ಸಿಸ್ಟರಮ್ಮ ಎಲ್ಲರ ಮಾತನ್ನೂ ಕೇಳಿದಳು. ರೈಫಲಿನ ಕಬ್ಬಿಣದ ಭಾಗವನ್ನು ಕ್ಲಬ್ಬಿನ ಬೀರುವಿನಲ್ಲೇ ಬಿಟ್ಟು, ಹಳೇ ಸ್ಟಾಕನ್ನು ಮಾತ್ರ ಚೀಲಕ್ಕೆ ಹಾಕಿಕೊಂಡು ಬಂದು, ಊಟಕ್ಕೆ ಕೂತ ಗಂಡನ ತಟ್ಟೆಯ ಪಕ್ಕ ಇಟ್ಟಳು.

"ರೀ, ಇದರ ಬದಲಿಗೆ ಒಂದು ಮಾಡಿಕೊಡಿ. ಇದು ಒಂಬೈನೂರು ಗ್ರಾಂ ಇದೆ. ನನಗೆ ಎರಡೂಕಾಲು ಕಿಲೋ ಬೇಕು. ತಳ ಮಟ್ಟಸ, ಮೂರಿಂಚು ಅಗಲ."

ಹಗುರಪ್ಪ ಸ್ಟಾಕನ್ನು ಕೈಯಲ್ಲಿ ತೂಗಿ ನೋಡಿದ. "ಇದರಲ್ಲೇ ಇನ್ನೂರು ಗ್ರಾಂ ದಂಡ ಇದೆಯಲ್ಲೇ!"

"ನನಗೆ ದಂಡವೇ ಬೇಕು. ಮುಂದಿನ ತಿಂಗಳು ಮೊದಲನೇ ಭಾನುವಾರ ಸ್ಪರ್ಧೆ. ನಿಮ್ಮ ಕೈಲಾಗದಿದ್ರೆ ಹೇಳಿಬಿಡಿ, ಮ್ಯಾನೇಜರ್ ಸಾಹೇಬ್ರ ಫೈಬರಿಂದೇ ಹಾಕಿಸ್ಕೋತೀನಿ."

ಹಗುರಪ್ಪ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ. ಬಡಗಿಯ ಹೆಂಡತಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತದ್ದು ಸಾಲದೆ, ನಾಲ್ಕು ಜನರೆದುರು ಪರರ ಫೈಬರಿಗೆ ಕೆನ್ನೆ ಒತ್ತಿ ಕೂರುವುದೇ? ಎಷ್ಟೋ ವರ್ಷದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ. ಇದನ್ನೂ ತಪ್ಪಿಸಿದರೆ ಇನ್ನು ಕೇಳುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹಳೇ ಗೋದಾಮಿನ ತೊಲೆಯ ಎರಡು ತುಂಡು ಅಂಗಡಿಯಲ್ಲಿದ್ದವು. ಕಬ್ಬಿಣದಂಥ ಮರ. ಮೊದಲನೆಯದನ್ನು ಮೇಜಿಗೇರಿಸಿ ಕೆಲಸಕ್ಕೆ ಕೂತ. ಅವನ ಉದ್ದೇಶ ಒಳ್ಳೆಯದೇ ಇತ್ತು, ಅದನ್ನು ನಾನು ಒಪ್ಪುತ್ತೇನೆ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಒಂದು ಮೂಲೆ ದಪ್ಪ ಕಂಡಿತು, ಕೀಸುಳಿ ಎಳೆದ. ಆಗ ಎದುರಿನ ಮೂಲೆ ದಪ್ಪ ಕಂಡಿತು. ಅದನ್ನು ಸರಿಮಾಡುವಷ್ಟರಲ್ಲಿ ಹೊಟ್ಟೆಭಾಗ ಉಬ್ಬಿದಂತೆ ಕಂಡಿತು. ಐದನೇ ದಿನ ಬಟ್ಟೆಯಲ್ಲಿ ಸುತ್ತಿ, ಮನೆಗೆ ತಂದು, ಹೆಮ್ಮೆಯಿಂದ ಕಿರುಬೆರಳಿಗೆ ನೇತುಹಾಕಿ ತೋರಿಸಿದ.

ಸಿಸ್ಟರಮ್ಮ ಅದನ್ನು ಅಡುಗೆಮನೆಯ ತಕ್ಕಡಿಗೆ ಹಾಕಿದಳು. ಎಂಟುನೂರ ಐವತ್ತು ಗ್ರಾಂ.

"ಹಳೇದಕ್ಕಿಂತ ಐವತ್ತು ಗ್ರಾಂ ಕಡಿಮೆ" ಎಂದಳು.

"ಚೆನ್ನಾಗಿದೆ ತಾನೆ?"

"ತುಂಬ ಚೆನ್ನಾಗಿದೆ. ಸೊಂಟನೋವು ಬಂದ್ರೆ ಊರುಗೋಲಿಗೆ ಆಗುತ್ತೆ."

ಹಗುರಪ್ಪನ ಮುಖ ಹರಳೆಣ್ಣೆ ಕುಡಿದಂತಾಯಿತು. ಮಾರನೇ ದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವಾಗ ಸಿಸ್ಟರಮ್ಮ ಹಿಂದೆಯೇ ಬಂದಳು. ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕುರ್ಚಿ. ಹಗುರಪ್ಪ ತೊಲೆಯ ಎರಡನೇ ತುಂಡನ್ನು ಮೇಜಿಗೇರಿಸಿದ, ಅವಳು ಎದುರಿಗೇ ಕೂತಳು. ಇನ್ನೊಂದು ಹೊಲಿಗೆ ಹಾಕಿಬಿಡಲೇ ಎನ್ನುವ ದೊಡ್ಡ ದೊಡ್ಡ ಡಾಕ್ಟರುಗಳಿಗೇ "ಸಾಕು" ಎಂದವಳಿಗೆ ಈ ಬಡಗಿ ಯಾವ ಲೆಕ್ಕ?

ಒಳಗಿನ ಕೆಲಸಕ್ಕೆ ಅವಳು ತುಟಿ ಬಿಚ್ಚಲಿಲ್ಲ. ಕಬ್ಬಿಣ ಕೂರುವ ಗುಂಡಿಯನ್ನು ಹಗುರಪ್ಪ ಬೆಣ್ಣೆಯಿಂದ ಕೂದಲು ತೆಗೆದಂತೆ ಕೊರೆದ. ಎರಡು ಸಲ ಕ್ಲಬ್ಬಿಗೇ ಹೋಗಿ ಕೂರಿಸಿ ನೋಡಿ ಬಂದ. ನಳಿಗೆ ಎಲ್ಲೂ ಮರಕ್ಕೆ ತಾಗಬಾರದು, ನಡುವೆ ಒಂದು ಕಾಗದದ ಪಟ್ಟಿ ಸರಾಗವಾಗಿ ಜಾರಬೇಕು ಎಂದಿದ್ದಳು. ಜಾರಿತು. ಕಷ್ಟ ಶುರುವಾದದ್ದು ಹೊರಮೈಗೆ ಬಂದಾಗ.

"ಸಾಕು" ಎಂದಳು.

"ಬರೀ ಈ ಅಂಚು..."

"ಸಾಕು ಅಂದೆ."

"ಅಲ್ಲ ಕಣೇ, ಈ ಮೂಲೆ ಕಣ್ಣಿಗೆ ಚುಚ್ಚುತ್ತೆ!"

"ಕಣ್ಣು ಮುಚ್ಕೊಳ್ಳಿ."

ಚಪ್ಪಲಿ ರಿಪೇರಿಯವನು ಕೆಲಸ ಬಿಟ್ಟು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ತಕ್ಕಡಿಗೆ ಹಾಕಿದರೆ ಎರಡು ಕಿಲೋ ಇನ್ನೂರ ಅರವತ್ತು. ಹಗುರಪ್ಪನ ಜೀವಕ್ಕೆ ಜೀವ ಬಂತು. "ಹತ್ತು ಗ್ರಾಂ ಹೆಚ್ಚಿದೆ!" ಎಂದು ಕೀಸುಳಿಗೆ ಕೈ ಹಾಕಿದ.

"ಇರಲಿ ಬಿಡಿ. ಆ ಹತ್ತು ಗ್ರಾಂ ನಿಮ್ಮ ಪ್ರೀತಿ ಅಂದ್ಕೋತೀನಿ."

ಹಗುರಪ್ಪ ಕೀಸುಳಿ ಕೆಳಗಿಟ್ಟ. ಕೈಗಳನ್ನು ಎಲ್ಲಿಡುವುದೆಂದು ತೋಚದೆ ಕಂಕುಳಲ್ಲಿ ಸಿಕ್ಕಿಸಿಕೊಂಡ. ಅವನ ಕಣ್ಣಿಗೆ ಆ ಸ್ಟಾಕ್ ಅರ್ಧ ಸೀಳಿದ ಸೌದೆಯ ಹಾಗಿತ್ತು. "ಒಂದು ಮಾತು ಕೊಡು. ಇದನ್ನ ಮಾಡಿದ್ದು ನಾನು ಅಂತ ಯಾರಿಗೂ ಹೇಳಬೇಡ. ನಲವತ್ತು ವರ್ಷದ ಹೆಸರು" ಎಂದ.

ಅವಳ ಮುಖ ಸಣ್ಣಗಾಯಿತು. "ಸರಿ, ಹೇಳಲ್ಲ" ಎಂದಳು.

ಭಾನುವಾರ ಹಗುರಪ್ಪ ಕ್ಲಬ್ಬಿನ ಹಿಂದಿನ ಬೆಂಚಿನಲ್ಲಿ, ಕಿವಿಗೆ ಹತ್ತಿ ತುರುಕಿಕೊಂಡು ಕೂತಿದ್ದ. ಹೆಂಡತಿ ಗುಂಡು ಹಾರಿಸುವುದನ್ನು ನೋಡಿದ್ದು ಅದೇ ಮೊದಲು. ಅವಳು ಉಸಿರು ಬಿಟ್ಟು, ತಡೆದು, ಬೆರಳು ಮಾತ್ರ ಅಲುಗಿಸಿದಳು. ಮರಳುಚೀಲದ ಮೇಲೆ ಆ ಸೌದೆ ಒಂದಿಷ್ಟೂ ಹೊರಳಲಿಲ್ಲ. ಗುಂಡು ಹೋಯಿತೋ ಇಲ್ಲವೋ ಎಂದು ಅನುಮಾನ ಬರುವಷ್ಟು ಸುಮ್ಮನೆ ಬಿದ್ದಿತ್ತು. ಹತ್ತನೇ ಗುಂಡಿನ ಹೊತ್ತಿಗೆ ಹಗುರಪ್ಪನಿಗೆ ಆ ಚೂಪು ಮೂಲೆ ಅಷ್ಟೇನೂ ಚುಚ್ಚಲಿಲ್ಲ. ಇಪ್ಪತ್ತರ ಹೊತ್ತಿಗೆ ಅದು ಚೆಂದವೇ ಕಂಡಿತು.

ಕಾಗದ ಬಂತು. ಕಾರ್ಯದರ್ಶಿಗೆ ಇನ್ನೂರ ನಲವತ್ತೇಳು. ಸಿಸ್ಟರಮ್ಮನಿಗೆ ಇನ್ನೂರ ನಲವತ್ತೊಂಬತ್ತು.

"ಹೋದ ಆ ಒಂದು ನನ್ನದು. ಮರದ ತಪ್ಪಲ್ಲ" ಎಂದಳು ಅವಳು, ಯಾರೂ ಕೇಳದಿದ್ದರೂ.

ಜನ ಮೇಜಿಗೆ ಮುತ್ತಿಕೊಂಡರು. ಯಾರೋ ತಟ್ಟಿ ನೋಡಿದರು. "ಏನು ಸಿಸ್ಟರಮ್ಮ, ರೈಲು ಹಳಿ ಕೆಳಗಿನ ದಿಮ್ಮಿ ಕಿತ್ತು ತಂದ್ರಾ?" ಎಂದು ಹಲ್ಲಿನ ಡಾಕ್ಟರು ನಕ್ಕರು. ಕಾರ್ಯದರ್ಶಿ ಮಾತ್ರ ನಗಲಿಲ್ಲ. ಬಗ್ಗಿ, ನಳಿಗೆಯ ಕೆಳಗೆ ಕಾಗದ ಜಾರಿಸಿ ನೋಡಿ, "ಯಾರ ಕೈಕೆಲಸ ಇದು?" ಎಂದು ಕೇಳಿದರು.

ಸಿಸ್ಟರಮ್ಮ ಬಾಯಿ ತೆರೆದಳು, ಹಿಂದಿನ ಬೆಂಚಿನ ಕಡೆ ನೋಡಿದಳು, ಮುಚ್ಚಿದಳು. ಕೊಟ್ಟ ಮಾತು ಮಾತೇ. ಗೆದ್ದವಳ ಮುಖ ಹಾಗಿರಬಾರದಿತ್ತು.

ಹಗುರಪ್ಪ ಎದ್ದ. ಜನರನ್ನು ಸರಿಸಿಕೊಂಡು ಬಂದು, ಕಿವಿಯ ಹತ್ತಿ ತೆಗೆಯುವುದನ್ನೂ ಮರೆತು, ಅಂಗಳದಾಚೆಗೂ ಕೇಳುವಂತೆ ಕೂಗಿದ: "ನಾನು ಸ್ವಾಮಿ! ನಾನೇ ಮಾಡಿದ್ದು, ನನ್ನ ಹೆಂಡತಿಗೆ!" ಎಲ್ಲರೂ ತಿರುಗಿ ನೋಡಿದ್ದರಿಂದ ಹುಮ್ಮಸ್ಸು ಬಂದು ಮುಂದುವರಿಸಿದ: "ಇನ್ನೂ ಕಾಲು ಕಿಲೋ ಭಾರ ಉಳಿಸೋಣ ಅಂತಿದ್ದೆ. ಇವಳೇ ಸಾಕು ಸಾಕು ಅಂದಳು."

ಸಿಸ್ಟರಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಕೈ ನೀಡಿ ಅವನ ಕಿವಿಯ ಹತ್ತಿ ತೆಗೆದಳು.

"ಹಾಗಾದ್ರೆ ನಾಳೆಯಿಂದ ನನ್ನ ಕುರ್ಚಿ ಶುರು ಮಾಡಿ" ಎಂದಳು. "ಭಾರವಾಗೇ ಇರಲಿ. ಯಾವ ಗಿರಾಕಿಯೂ ಎತ್ಕೊಂಡು ಹೋಗದಷ್ಟು."