ಮುಂದೆ ಓಡಿಸಿದ ಹಾಡು

ಟಿವಿ ನೋಡುವುದೂ ಹಾಡು ಕೇಳುವುದೂ ನನ್ನ ಕೆಲಸ ಎಂದರೆ ನಮ್ಮೂರು ಇಂಡಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ಬಿ.ಎ. ಮುಗಿಸಿ ಜಿಲ್ಲೆಯ ಒಂದು ಸಣ್ಣ ಪತ್ರಿಕೆಗೆ ವಾರಕ್ಕೊಮ್ಮೆ ಅವುಗಳ ಮೇಲೆ ಅರ್ಧ ಪುಟ ಬರೆಯುತ್ತಿದ್ದೆ. ಮನೆಯಲ್ಲಿ ಕರೆಂಟ್ ಹೋದಾಗ ಪೇಟೆಯ ನಿಂಬೆಹಣ್ಣಿನ ವ್ಯಾಪಾರಿಯೊಬ್ಬರ ಅಂಗಡಿಗೆ ಓಡುತ್ತಿದ್ದೆ. ಅಲ್ಲಿ ಬ್ಯಾಟರಿಗೆ ಹಚ್ಚಿದ ಟಿವಿ ಇತ್ತು.

"ಬರ್ರಿ ಮಾಸ್ತರ್ರ, ನಿಮ್ಮ ಡ್ಯೂಟಿ ಸುರು ಆಗೇತಿ," ಎಂದು ಅವರು ನಿಂಬೆ ಬುಟ್ಟಿ ಸರಿಸಿ ಜಾಗ ಮಾಡುತ್ತಿದ್ದರು. "ನಮ್ಮ ಹುಡುಗೂರು ಟಿವಿ ನೋಡಿದ್ರ ಬೈಸ್ಕೊಂತಾವ. ನಿಮಗ ಪಗಾರ ಕೊಡ್ತಾರ. ಕಲಿಯುಗ ಅಂದ್ರ ಇದ ನೋಡ್ರಿ."

ಆ ಅರ್ಧ ಪುಟವೇ ಒಂದು ದಿನ ನನ್ನನ್ನು ಕಾಲುವೆಯ ಅಂಚಿಗೆ ಒಯ್ದು ನಿಲ್ಲಿಸಿತು.

ಗಂಡು ಹೆಚ್ಚೆಂದು ಹಾಡುವುದು ಹರದೇಶಿ ಮೇಳ, ಹೆಣ್ಣು ಹೆಚ್ಚೆಂದು ಹಾಡುವುದು ನಾಗೇಶಿ ಮೇಳ. ಒಬ್ಬರು ಹಾಡಿನಲ್ಲೇ ಪ್ರಶ್ನೆ ಹಾಕಿದರೆ ಇನ್ನೊಬ್ಬರು ಹಾಡಿನಲ್ಲೇ ಬಿಡಿಸಬೇಕು. ಬಿಡಿಸಲಾಗದವರು ತಾವು ಬಾರಿಸುವ ದಪ್ಪು ವಾದ್ಯವನ್ನು ಗೆದ್ದವರ ಮುಂದೆ ಬೋರಲು ಹಾಕಬೇಕು. ಸಿಂದಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಇಂಥ ಸವಾಲನ್ನು ಟಿವಿಯವರು ಚಿತ್ರಿಸಲು ಬಂದಿದ್ದರು. ಅವರಿಗೆ ಬಿಸಿಲು ಬೇಕಿತ್ತು. ಹಾಗಾಗಿ ರಾತ್ರಿಯ ಹಾಡು ಮುಂಜಾನೆಗೆ ಬಂತು.

ಹರದೇಶಿ ಕಡೆಯ ಹಿರಿಯ ಗಾಯಕ ಪ್ರಶ್ನೆ ಹಾಕಿದ: ಬೀಜ ಗಂಡು, ಹೊಲ ಹೆಣ್ಣು, ಬೀಜ ಬೀಳದ ಹೊಲಕ್ಕೆ ಬೀಳು ಅನ್ನದೆ ಏನನ್ನಬೇಕು? ಅವನ ಜನ ರುಮಾಲು ಹಾರಿಸಿ ಕುಣಿದರು. ಪ್ರಶ್ನೆ ಯಾರಿಂದಲೂ ಬಿಡಿಸಲಾಗದೆಂಬ ಖಾತ್ರಿಯಿಂದ ಅವನು ಚಹಾ ಕುಡಿಯಲು ವೇದಿಕೆಯ ಹಿಂದೆ ಹೋದ. ಜನ ಹಲಗೆ ಬಾರಿಸುತ್ತ ಅವನ ಬೆನ್ನಿಗೇ ಹೋದರು. ಅಷ್ಟರಲ್ಲಿ ಕರೆಂಟ್ ಹೋಯಿತು, ಮೈಕು ಸತ್ತಿತು.

ನಾಗೇಶಿಯ ಹಾಡುಗಾರ್ತಿ ತಾಳಿಕೋಟೆ ಕಡೆಯವಳು, ಇಬ್ಬರು ಮಕ್ಕಳನ್ನು ಹಾಡಿನಿಂದಲೇ ಸಾಕಿದವಳು. ಅವಳು ಕರೆಂಟಿಗೆ ಕಾಯಲಿಲ್ಲ. ವೇದಿಕೆಯಿಂದಿಳಿದು ಹೆಣ್ಣುಮಕ್ಕಳ ನಡುವೆ ನಿಂತು ಹಾಡಿದಳು:

ಬಿತ್ತಾಕ ತಂದ ಬೀಜವ ತೋರಿಸೊ ಜಾಣ,
ಹ್ವಾದ ವರ್ಷ ಅದು ಯಾವ ಹೊಲದಾಗ ಬೆಳದಿತ್ತೊ?

ನಾನು ಮುಂದಿನ ಸಾಲಿನಲ್ಲಿದ್ದೆ. ಮೈಮೇಲೆ ಮುಳ್ಳು ಎದ್ದವು. ಆದರೆ ಕರೆಂಟ್ ಮತ್ತೆ ಬರಲಿಲ್ಲ. ಸವಾಲು ಅಲ್ಲಿಗೇ ಮುಗಿಯಿತು, ಎರಡೂ ಮೇಳದವರು ಗೆದ್ದೆವೆಂದುಕೊಂಡು ಮನೆಗೆ ಹೋದರು.

ಟಿವಿಯವರ ಧ್ವನಿ ಮೈಕಿನ ಮಷೀನಿನಿಂದಲೇ ಹೋಗುತ್ತಿದ್ದುದರಿಂದ ಅವಳ ಉತ್ತರ ಅವರಿಗೆ ಸಿಕ್ಕಿರಲಿಲ್ಲ. ಪ್ರಸಾರದಲ್ಲಿ ಪ್ರಶ್ನೆ ಬಂತು, ಸುಮ್ಮನೆ ನಿಂತ ಅವಳ ಮುಖ ಬಂತು, ಆಮೇಲೆ ರುಮಾಲು ಹಾರಿಸುವ ಗಂಡಸರು. ಮರುವಾರವೇ ಮೂರ್ನಾಲ್ಕು ಊರಿನವರು ಹಾಡಲು ಬರಬೇಕೆಂದು ಅವಳಿಗೆ ಕೊಟ್ಟ ವೀಳ್ಯ ವಾಪಸು ಕೇಳಿದರು. ಸೋತ ಮೇಳವನ್ನು ಯಾರು ಕರೆಯುತ್ತಾರೆ? ಉತ್ತರ ಕೇಳಿದ್ದ ಹೆಣ್ಣುಮಕ್ಕಳ ಮಾತು ಟಿವಿಯ ಮುಂದೆ ನಡೆಯಲಿಲ್ಲ.

ನಾನು ಬರೆದೆ. ಟಿವಿಗೆ ಸಿಗದ ಉತ್ತರವನ್ನು ಪೂರ್ತಿ ಬರೆದೆ.

ಆಮೇಲೆ ಒಂದು ಮಧ್ಯಾಹ್ನ ಮುದ್ದೇಬಿಹಾಳದ ಸಂಗೀತ ಕಾರ್ಯಕ್ರಮಕ್ಕೆ ಹೊರಟವನು ಬಸ್ ಬದಲಿಸಲು ಬಸವನ ಬಾಗೇವಾಡಿಯಲ್ಲಿ ಇಳಿದೆ. ನಾಲ್ಕೈದು ಮಂದಿ ಸುತ್ತುವರಿದರು.

"ಮಾಸ್ತರ್ರ, ಹತ್ರಿ ಟಂಟಂ. ನಮ್ಮ ಕಾಕಾ ಕರೀತಾರ."

"ನನಗ ಬಸ್ಸಿಗೆ ಹೊತ್ತಾತು."

"ಬಸ್ಸು ನಾಳಿನೂ ಐತ್ರಿ. ನೀವು ಇರ್ತೀರೇನು ನೋಡ್ಕೋರಿ."

ಕಾಕಾ ಎಂದರೆ ಆ ಹರದೇಶಿ ಗಾಯಕ. ಮುಂದಿನ ಸೀಟಿನಲ್ಲಿ ಕೂತಿದ್ದ, ತಿರುಗಿ ನೋಡಲಿಲ್ಲ. ಆ ಮೂರು ಗಾಲಿಯ ಗಾಡಿ ಮುಳವಾಡದ ಕಡೆ ಓಡಿತು. ನನ್ನ ಅಂಗಿಯ ಕಾಲರು ಒಬ್ಬನ ಮುಷ್ಟಿಯಲ್ಲಿತ್ತು. ಡ್ರೈವರು ಆ ಸವಾಲಿನದೇ ಕ್ಯಾಸೆಟ್ ಹಾಕಿದ. ಎರಡೂ ಕಡೆಯ ಅಭಿಮಾನಿಗಳು ಬ್ಯಾಟರಿಯ ಟೇಪುಗಳನ್ನು ವೇದಿಕೆಯ ಕಾಲಬುಡದಲ್ಲಿ ಇಟ್ಟು ಹಾಡು ತುಂಬಿಕೊಳ್ಳುವುದು ನಮ್ಮ ಕಡೆ ರೂಢಿ. ಕಾಕಾನ ಮೊದಲ ಹಾಡು ಮುಗಿಯಿತು. ಡ್ರೈವರು ಗುಂಡಿ ಒತ್ತಿದ, ಟೇಪು ಕಿರ್‍ರೆಂದು ಮುಂದೆ ಓಡಿತು. ಮತ್ತೆ ಕಾಕಾನದೇ ದನಿ, ಆ ಬೀಜದ ಪ್ರಶ್ನೆ. ಅದು ಮುಗಿದಾಗಲೂ ಹಾಗೆಯೇ ಒತ್ತಿದ.

ಕಾಲರು ಇನ್ನೂ ಅವನ ಮುಷ್ಟಿಯಲ್ಲೇ ಇತ್ತು. ಆದರೆ ಕಿವಿ ತನ್ನ ಕೆಲಸ ಬಿಟ್ಟಿರಲಿಲ್ಲ. ಇವರು ಎದುರು ಮೇಳದ ಹಾಡನ್ನು ಒಮ್ಮೆಯೂ ಕೇಳಿಲ್ಲ, ಅವಳ ಸರದಿ ಬಂದಾಗಲೆಲ್ಲ ಮುಂದೆ ಓಡಿಸಿದ್ದಾರೆ ಎಂದು ನನಗೆ ಹೊಳೆಯಿತು.

ಹೊಸದಾಗಿ ಅಗೆದ ಕಾಲುವೆಯ ಅಂಚಿನಲ್ಲಿ ಗಾಡಿ ನಿಂತಿತು. ಕೆಳಗೆ ನೀರಿಲ್ಲ, ಒಡೆದ ಕಲ್ಲು. ಮುಂದಿನ ಗಾಲಿಯ ಕೆಳಗಿನ ಮೊರಮಿನ ಮಣ್ಣು ಜಾರಿ ಗಾಡಿ ತುಸು ವಾಲಿತು. ಇಂದಿಗೂ ಟಂಟಂ ಹತ್ತುವ ಮೊದಲು ಆ ಗಾಲಿ ಎತ್ತ ತಿರುಗಿದೆ ನೋಡುತ್ತೇನೆ.

"ಬರದದ್ದು ಸುಳ್ಳಂತ ಮುಂದಿನ ವಾರ ಬರೀರಿ," ಎಂದ ಕಾಲರು ಹಿಡಿದವನು. "ಇಲ್ಲಂದ್ರ ಇಲ್ಲೇ ಕೆಳಗ ಈಜಾಡ್ರಿ."

"ನೀರಿಲ್ಲದಲ್ಲಿ ಹ್ಯಾಂಗ ಈಜಲಿ?" ಅಂದುಬಿಟ್ಟೆ. ಯಾರೋ ನಕ್ಕ. ಆ ನಗೆಯಿಂದ ನನಗೆ ಉಸಿರು ಬಂತು. "ಕಾಕಾರ, ನಿಮ್ಮ ಟೇಪು ನಿಮ್ಮ ಪ್ರಶ್ನಿ ತನಕ ಹಿಂದ ತಿರಗಸ್ರಿ. ಆಮ್ಯಾಲ ಗುಂಡಿ ಮುಟ್ಟಬ್ಯಾಡ್ರಿ. ಅದರಾಗ ಆಕಿ ದನಿ ಇರಲಿಲ್ಲಂದ್ರ ನೀವು ಹೇಳಿದಂಗ ಬರೀತೇನಿ."

ಕಾಕಾ ಡ್ರೈವರಿಗೆ ಸನ್ನೆ ಮಾಡಿದ.

ಪ್ರಶ್ನೆ ಬಂತು. ಹಲಗೆ, ಕೂಗಾಟ ದೂರವಾದವು. ಮೈಕು ಸತ್ತಿತು. ಬಹಳ ಹೊತ್ತು ಬರೀ ಗಾಳಿ. ಕಾಲರಿನ ಮುಷ್ಟಿ ಬಿಗಿಯಾಯಿತು. ಆಮೇಲೆ ಸಣ್ಣಗೆ, ಆದರೆ ಒಂದಕ್ಷರವೂ ತಪ್ಪದೆ, ಬೀಜವ ತೋರಿಸೊ ಜಾಣ ಎಂಬ ದನಿ ಬಂತು. ಅದರ ಬೆನ್ನಿಗೆ ಹೆಣ್ಣುಮಕ್ಕಳ ನಗೆ, ಚಪ್ಪಾಳೆ.

ಕಾಕಾ ಇನ್ನೊಮ್ಮೆ ಹಾಕಿಸಿದ. ಮುಷ್ಟಿ ತಾನಾಗಿ ಸಡಿಲವಾಯಿತು.

"ಬಿಡಿಸ್ಯಾಳಲೋ," ಎಂದ ಕಾಕಾ. ಕಾಲರು ಹಿಡಿದವನ ಕಡೆ ತಿರುಗಿ, "ನನ್ನ ಹಾಡೇನು ನನಗ ಕೇಳಸ್ತೀರಿ? ಅದು ನನಗ ಬರತೈತಿ. ಆಕೀದು ಕೇಳಸಬೇಕಿತ್ತು. ಸರಸೋ ಗಾಡಿ, ಮಾಸ್ತರ್ರಿಗೆ ಬಸ್ ತಪ್ಪಿಸಬ್ಯಾಡ," ಅಂದ.

ಕ್ಯಾಸೆಟ್ಟಿನ ಪ್ರತಿಗಳು ಸಿಂದಗಿಯ ಚಹಾದಂಗಡಿಗಳಿಗೆಲ್ಲ ಹೋದವು, ಅವನೇ ಹಂಚಿಸಿದ. ಸುಗ್ಗಿಯಾದ ಮೇಲೆ ಅದೇ ಹಳ್ಳಿಯಲ್ಲಿ, ಅದೇ ಬಿಸಿಲಿನಲ್ಲಿ ಸವಾಲು ಇಡಿಸಿ ಅವಳಿಗೆ ತಾನೇ ವೀಳ್ಯ ಕೊಟ್ಟ. ಟಿವಿ ಇರಲಿಲ್ಲ, ಜನ ಮಾತ್ರ ಮೊದಲಿನದಕ್ಕಿಂತ ಹೆಚ್ಚು. ನನ್ನನ್ನು ಮುಂದಿನ ಸಾಲಿನಲ್ಲೇ ಕೂಡಿಸಿದರು. ನನ್ನ ಕಾಲರು ಹಿಡಿದಿದ್ದವನೇ ಚಹಾ ತಂದು ಕೊಟ್ಟ.

ಕಾಕಾ ಅದೇ ಪ್ರಶ್ನೆ ಹಾಕಿದ, ಈ ಸಲ ಚಹಾಕ್ಕೆ ಹೋಗದೆ ನಿಂತು ಕೇಳಿದ. ಅವಳು ಅದೇ ಉತ್ತರ ಹಾಡಿದಳು, ಈ ಸಲ ಮೈಕಿನಲ್ಲಿ. ಅವನು ಮುಂದೆ ಬಂದು ದಪ್ಪನ್ನು ಅವಳ ಕಾಲಮುಂದೆ ಬೋರಲು ಇಟ್ಟ. 

ಅವಳು ಮೈಕು ಸರಿಸಿದಳು.

"ದಪ್ಪು ಎತ್ಕೋರಿ ಕಾಕಾ. ಹೊತ್ತು ಇನ್ನೂ ಏರಿಲ್ಲ. ನಂದೂ ಒಂದ ಪ್ರಶ್ನಿ ಐತಿ."